ಜಯಲಕ್ಷ್ಮಿಯ ಕೈ ನೀರು

ಎಗ್ಮೋರ್ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತು ವರ್ಷಕ್ಕೂ ಮೀರಿ ಗುಮಾಸ್ತರಾಗಿದ್ದ ಇನ್ನಾಸಪ್ಪನವರಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಅವರ ಕೈಯಿಂದ ಒಂದೇ ಒಂದು ಪಾರ್ಸೆಲ್ಲೂ ಕಳೆದುಹೋಗಿರಲಿಲ್ಲ. ಇನ್ನೊಂದು, ಧರ್ಮದ ವಿಚಾರದಲ್ಲಿ ಅವರನ್ನು ಮಾತಿನಲ್ಲಿ ಮಣಿಸಿದವನು ಇಡೀ ಮದರಾಸಿನಲ್ಲಿ ಇರಲಿಲ್ಲ. ಕೊಳ್ಳೇಗಾಲದ ಕಡೆಯ ಒಂದು ಸಣ್ಣ ಕ್ರೈಸ್ತರ ಹಟ್ಟಿಯಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿ ಮುಗಿಸಿ, ರೈಲ್ವೆ ಸೇರಿ, ಪೆರಂಬೂರಿನ ಕ್ವಾರ್ಟರ್ಸಿನಲ್ಲಿ ಬಿಡಾರ ಹೂಡಿದ ಮನುಷ್ಯ. ಕೂದಲು ನೆರೆತರೂ ಬೆನ್ನು ಬಾಗಿರಲಿಲ್ಲ, ಮಾತಂತೂ ಎಂದೂ ಬಾಗಿದ್ದಿಲ್ಲ.

ಮದರಾಸಿನಲ್ಲಿ ಕನ್ನಡ ಕಥೋಲಿಕರೆಂದರೆ ನಲವತ್ತು ಮನೆ ಇದ್ದಾವು. ರೈಲ್ವೆಯವರು, ಬ್ಯಾಂಕಿನವರು, ಇತ್ತೀಚೆಗೆ ಪೆರುಂಗುಡಿಯ ಕಂಪ್ಯೂಟರ್ ಆಫೀಸುಗಳಿಗೆ ಬಂದ ಹುಡುಗರು. ತಿಂಗಳಿಗೊಂದು ಭಾನುವಾರ ಅವರಿಗೆ ಚರ್ಚಿನಲ್ಲಿ ಕನ್ನಡ ಪೂಜೆ. ಆ ಪೂಜೆಗೆ ಇನ್ನಾಸಪ್ಪನವರು ಉಪದೇಶಿ: ನಿಲುವಂಗಿಯಿಲ್ಲ, ಸಂಬಳವಿಲ್ಲ, ಆದರೆ ಮಕ್ಕಳಿಗೆ ಧರ್ಮಪಾಠ ಹೇಳುವವರು ಅವರು, ಸತ್ತ ಮನೆಯಲ್ಲಿ ಜಪ ನಡೆಸುವವರು ಅವರು, ಪಾದ್ರಿ ಸ್ವಾಮಿಗಳು ತಡವಾದರೆ ಜನರನ್ನು ಹಿಡಿದು ಕೂರಿಸುವವರೂ ಅವರೇ. ಮಕ್ಕಳು ಕನ್ನಡದ ಪ್ರಶ್ನೆಗೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದವು. ಇವರು ಕನ್ನಡದಲ್ಲೇ ಬಯ್ಯುತ್ತಿದ್ದರು. ಬೈಗುಳವಾದರೂ ಮಕ್ಕಳಿಗೆ ಚೆನ್ನಾಗಿ ಬಂತು ಎನ್ನಿ.

ತೊಂಬತ್ತೊಂಬತ್ತರಲ್ಲಿ ಅನಿಲ್ ಎಂಬ ಹುಡುಗ ತಂಟೆ ತೆಗೆದ. ಇನ್ನಾಸಪ್ಪನವರ ಹತ್ತಿರವೇ ಧರ್ಮಪಾಠ ಕಲಿತವನು, ಪೆರುಂಗುಡಿಯಲ್ಲಿ ಕೆಲಸ ಸಿಕ್ಕ ಮೇಲೆ ಗೆಳೆಯರ ಜೊತೆ ಒಂದು ಜೆಬ ವೀಡಿಗೆ, ಅಂದರೆ ಕೈ ತಟ್ಟಿ ಹಾಡಿ ಪ್ರಾರ್ಥನೆ ಮಾಡುವವರ ಮನೆಗೆ, ಹೋಗತೊಡಗಿದ್ದ. ಅಲ್ಲಿಂದ ಕಂಕುಳಲ್ಲಿ ಬೈಬಲ್ಲು, ಬಾಯಲ್ಲಿ ಒಂದೇ ಪ್ರಶ್ನೆ ಹೊತ್ತುಕೊಂಡು ಬಂದ. ಪೂಜೆ ಮುಗಿದು, ಚರ್ಚಿನ ಹಾಲಿನಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಎದ್ದು ನಿಂತೇ ಕೇಳಿದ.

"ಅಂಕಲ್, ಸತ್ತವರಿಗೆ ಪ್ರೇಯರ್ ಮಾಡಿ ಅಂತ, ಜಪಸರ ಹಿಡೀರಿ ಅಂತ, ಬೈಬಲ್‌ನಲ್ಲಿ ಎಲ್ಲಿ ಬರ್ದಿದೆ? ಚಾಪ್ಟರ್ ಹೇಳಿ, ವರ್ಸ್ ಹೇಳಿ."

ಇನ್ನಾಸಪ್ಪನವರು ಲೋಟ ಕೆಳಗಿಟ್ಟರು. "ಹೇಳ್ತೀನಿ. ಅದಕ್ ಮುಂಚೆ ನೀನೊಂದು ಹೇಳು. ಬೈಬಲ್‌ನಲ್ಲಿ ಯಾವ್ಯಾವ ಪುಸ್ತಕ ಇರ್ಬೇಕು ಅಂತ ಬೈಬಲ್‌ನಲ್ಲಿ ಎಲ್ಲಿ ಬರ್ದಿದೆ?"

ಹುಡುಗ ಕಂಕುಳ ಬೈಬಲ್ಲು ತೆಗೆದು ಹಾಳೆ ತಿರುವಿದ.

"ಇಲ್ಲ ಅಲ್ವಾ? ಪುಸ್ತಕ ಆಗೋಕ್ ಮುಂಚೆ ಧರ್ಮಸಭೆ ಇತ್ತು ಕಣಪ್ಪ. ಕ್ರಿಸ್ತನ ಶಿಷ್ಯರು, ಆ ಪ್ರೇಷಿತರು, ಬರೆದದ್ದು ಸ್ವಲ್ಪ, ಬಾಯಲ್ಲಿ ಹೇಳಿದ್ದು ಜಾಸ್ತಿ. ಕೇಳಿದೋರು ಮಕ್ಕಳಿಗೆ ಹೇಳಿದ್ರು, ಆ ಮಕ್ಕಳು ಅವರ ಮಕ್ಕಳಿಗೆ. ಅದಕ್ಕೆ ಪರಂಪರೆ ಅಂತಾರೆ. ಪವಿತ್ರ ಗ್ರಂಥ ಒಂದು ಕಣ್ಣು, ಪರಂಪರೆ ಒಂದು ಕಣ್ಣು. ನಿಮ್ಮಜ್ಜಿ ನಿನ್ ಕೈ ಹಿಡಿದು ಶಿಲುಬೆ ಗುರ್ತು ಹಾಕಿಸಿದ್ಲಲ್ಲ, ಆವಾಗ ಚಾಪ್ಟರ್ ತೋರಿಸಿದ್ಲಾ? ಬರೆಯೋಕೆ ಬಾರದ ಅಜ್ಜಿ ಬಾಯಿಂದ ಬಂದದ್ದೂ ವೇದಾನೇ ಕಣೋ."

ಹಾಲಿನಲ್ಲಿ ಚಪ್ಪಾಳೆ ಬಿತ್ತು. ಮುದುಕಿಯರ ಕಣ್ಣು ಒದ್ದೆಯಾಯಿತು. ಅನಿಲ್ ಕೂಡ ನಗುತ್ತಾ ಕೂತುಬಿಟ್ಟ. ಹಿಂದುಗಡೆ ಕಾಫಿ ಕೊಡುತ್ತಿದ್ದ ಒಬ್ಬ ಹೆಂಗಸು ಮಾತ್ರ ತಟ್ಟೆಯನ್ನು ಕಿಟಕಿಯ ಮೇಲಿಟ್ಟು, ಸೆರಗು ಹೊದ್ದು, ಯಾರಿಗೂ ಹೇಳದೆ ಮನೆಗೆ ನಡೆದಳು. ಆಕೆ ಆರೋಗ್ಯಮ್ಮ, ಇನ್ನಾಸಪ್ಪನವರ ಹೆಂಡತಿ.

ಗೆದ್ದ ಉಬ್ಬಿನಲ್ಲಿ ಇನ್ನಾಸಪ್ಪನವರು ಮನೆಗೆ ಬಂದಾಗ ಆಕೆ ಅಕ್ಕಿ ಆರಿಸುತ್ತಾ ಕೂತಿದ್ದಳು. ತಲೆಯೆತ್ತದೆ ಕೇಳಿದಳು.

"ಅನಿಲನ ಅಜ್ಜಿ ಬಾಯಿ ವೇದ. ನಮ್ಮಜ್ಜಿ ಬಾಯಿ ಏನು?"

"ಅದು ಬೇರೆ, ಇದು ಬೇರೆ," ಅಂದರು ಇನ್ನಾಸಪ್ಪನವರು, ಚಪ್ಪಲಿ ಬಿಡುತ್ತಾ.

ಬೇರೆಯಲ್ಲ. ಎರಡೂ ಒಂದೇ, ಅದು ಅವರಿಗೂ ಆ ಕ್ಷಣದಲ್ಲಿ ಒಳಗೊಳಗೆ ಚುಚ್ಚಿತು. ಏಕೆಂದರೆ ಇಪ್ಪತ್ತೇಳು ವರ್ಷದ ಹಿಂದೆ ಇದೇ ಮನುಷ್ಯ, ಇದೇ ಬಾಯಲ್ಲಿ, ಅನಿಲ್ ಕೇಳಿದ ಪ್ರಶ್ನೆಯನ್ನೇ ತನ್ನ ಹೆಂಡತಿಗೆ ಕೇಳಿದ್ದರು.

ಎಪ್ಪತ್ತೆರಡನೇ ಇಸವಿ, ಮೇ ತಿಂಗಳು. ಆರೋಗ್ಯಮ್ಮ ಊರಿಂದ ಬಂದು ವರ್ಷವಾಗಿತ್ತು, ಏಳು ತಿಂಗಳ ಬಸುರಿ. ಇನ್ನಾಸಪ್ಪ ಹಗಲು ಡ್ಯೂಟಿಗೆ ಹೋಗಿದ್ದಾಗ ನೋವು ಕಾಣಿಸಿಕೊಂಡಿತು. ಪಕ್ಕದ ಮನೆಯ ಜಯಲಕ್ಷ್ಮೀ ಓಡಿಬಂದಳು. ಮಂಡ್ಯದ ಕಡೆಯವಳು, ಗಂಡ ಲೋಕೋ ಶೆಡ್ಡಿನಲ್ಲಿ. ಹಣೆ ತುಂಬ ಕುಂಕುಮ ಇಡುವ, ಶುಕ್ರವಾರ ತಪ್ಪದೆ ದೇವಿ ಗುಡಿಗೆ ಹೋಗುವ ಹೆಂಗಸು. ಸೂಲಗಿತ್ತಿ ಬರುವಷ್ಟರಲ್ಲಿ ಹೆರಿಗೆ ಆಗಿಹೋಗಿತ್ತು. ಹೆಣ್ಣುಮಗು, ಅಂಗೈಯಷ್ಟಗಲ, ಅಳುವುದಕ್ಕೂ ಶಕ್ತಿಯಿಲ್ಲ. ಇದು ಉಳಿಯುವುದಿಲ್ಲ ಎಂದು ತಾಯಿಗೆ ತಿಳಿದುಹೋಯಿತು. ಆಕೆಗೆ ರಕ್ತ ಹೋಗುತ್ತಿತ್ತು, ಕೈ ಮೇಲೇಳುತ್ತಿರಲಿಲ್ಲ.

ಆರೋಗ್ಯಮ್ಮನ ಅಜ್ಜಿ ಊರಲ್ಲಿ ಹತ್ತಾರು ಹೆರಿಗೆ ಮಾಡಿಸಿದವಳು. ಸಾಯುವ ಕೂಸನ್ನು ಕ್ರೈಸ್ತವಾಗಿಸಿ ಮೋಕ್ಷಕ್ಕೆ ಸೇರಿಸುವ ಜ್ಞಾನಸ್ನಾನದ ಬಗ್ಗೆ ಅವಳು ಹೇಳುತ್ತಿದ್ದ ಮಾತೊಂದಿತ್ತು: ಹೊತ್ತು ಮೀರಿದ್ರೆ ಸ್ವಾಮ್ಗಳೂ ಬೇಡ ಚರ್ಚೂ ಬೇಡ, ಯಾರ್ ಕೈ ನೀರಾದ್ರೂ ಸಾಕು. ಆರೋಗ್ಯಮ್ಮ ಜಯಲಕ್ಷ್ಮಿಗೆ ಹೇಳಿಕೊಟ್ಟಳು. "ಅಕ್ಕ, ತಲೆ ಮೇಲೆ ನೀರು ಹುಯ್ಯಿ. ನಾ ಹೇಳ್ದಂಗೆ ಹೇಳು. ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ." ಮಗುವಿಗೆ ಒಂದು ಹೆಸರನ್ನೂ ಕೊಟ್ಟಳು. ಜಯಲಕ್ಷ್ಮೀ ಅಳುತ್ತಾ ಹಾಗೆಯೇ ಮಾಡಿದಳು. ಮಗು ಆಮೇಲೆ ಮುಕ್ಕಾಲು ಗಂಟೆ ಉಸಿರಾಡಿತು.

ಸುದ್ದಿ ತಿಳಿದು ಓಡಿಬಂದ ಇನ್ನಾಸಪ್ಪನನ್ನು ಜಯಲಕ್ಷ್ಮೀ ಬಾಗಿಲಲ್ಲೇ ತಡೆದು, ನಡೆದದ್ದನ್ನು ಹೇಳಿ, ಹೆಸರು ಹೇಳಲು ಬಾಯಿ ತೆರೆದಳು. ಆತ ಕೈ ಅಡ್ಡ ಹಿಡಿದ. ಒಳಗೆ ಹೋಗಿ ಹೆಂಡತಿಯ ಮುಂದೆ ನಿಂತು ಹೇಳಿದ: "ಕುಂಕುಮ ಇಟ್ಟೋಳ ಕೈಲಿ ಜ್ಞಾನಸ್ನಾನನಾ? ಎಲ್ಲಿ ಬರ್ದಿದೆ ಹಂಗೆ? ನಿಮ್ಮಜ್ಜಿ ಹೇಳಿದ್ದೆಲ್ಲ ವೇದ ಆಗುತ್ತಾ?"

ಇಪ್ಪತ್ತೇಳು ವರ್ಷದ ಹುಡುಗ, ಕೈಯಲ್ಲಿ ಒಂದು ಹಳೇ ಧರ್ಮಪಾಠದ ಪುಸ್ತಕ. ಅವಸರದಲ್ಲಿ ಗುರುಗಳಿಲ್ಲದಿದ್ದರೆ ವಿಶ್ವಾಸಿಯೊಬ್ಬ ಸ್ನಾನ ಕೊಡಬಹುದು ಎಂದು ಅದರಲ್ಲಿತ್ತು. ಹಿಂದೂ ಹೆಂಗಸಿನ ವಿಚಾರ ಇರಲಿಲ್ಲ. ಇಲ್ಲದ್ದನ್ನು ಕೂಡದು ಎಂದೇ ಓದಿಕೊಂಡ. ಪುಸ್ತಕದ ಬದನೆಕಾಯಿ ಎನ್ನುವುದು ಇದಕ್ಕೇ. ಚರ್ಚಿನ ಸ್ವಾಮಿಗಳನ್ನು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಲಿಲ್ಲ. ಉಪದೇಶಿ ಆಗಬೇಕೆಂದಿದ್ದವನ ಮನೆಯಲ್ಲೇ ಹೀಗಾಯಿತೆಂದು ನಾಚಿಕೆ. ಆರೋಗ್ಯಮ್ಮನೇ ಕೇಳೋಣವೆಂದರೆ ಆಕೆಗೆ ಆಗ ತಮಿಳು ಬಾರದು, ಆ ಸ್ವಾಮಿಗಳಿಗೆ ಕನ್ನಡ ಬಾರದು, ಏನು ಹೇಳಬೇಕಾದರೂ ಗಂಡನ ಬಾಯಿಂದಲೇ ಹೇಳಬೇಕು. ಆ ಬಾಯಿ ಹೋಗಿ ಸ್ವಾಮಿಗಳಿಗೆ ಹೇಳಿದ್ದಿಷ್ಟೇ: ಮಗು ತೀರಿಕೊಂಡಿತು, ಸ್ನಾನ ಆಗಿಲ್ಲ.

ಸ್ನಾನವಾಗದ ಕೂಸುಗಳಿಗೆ ಸ್ಮಶಾನದ ಗೋಡೆಯ ಪಕ್ಕ ಒಂದು ಮೂಲೆಯಿತ್ತು. ಅಲ್ಲಿ ಹೂತರು. ಶಿಲುಬೆಯಿಲ್ಲ, ಹೆಸರಿಲ್ಲ. ಮತ್ತೆ ಆರೋಗ್ಯಮ್ಮನ ಹೊಟ್ಟೆಯಲ್ಲಿ ಯಾವುದೂ ನಿಲ್ಲಲಿಲ್ಲ.

ನವೆಂಬರ್ ಎರಡನೇ ತಾರೀಖು ಸತ್ತವರ ಹಬ್ಬ. ಮದರಾಸಿನವರ ಬಾಯಲ್ಲಿ ಕಲ್ಲರೈ ತಿರುನಾಳ್. ಪ್ರತಿ ಮನೆಯವರೂ ತಮ್ಮ ಸತ್ತವರ ಹೆಸರು ಬರೆದು ಚೀಟಿ ಕೊಡುತ್ತಾರೆ, ಪೂಜೆಯಲ್ಲಿ ಅದನ್ನು ಓದುತ್ತಾರೆ. ಇನ್ನಾಸಪ್ಪನವರು ಚೀಟಿ ಬರೆಯಲು ಕೂತಾಗಲೆಲ್ಲ ಆರೋಗ್ಯಮ್ಮ ಪಕ್ಕದಲ್ಲಿ ನಿಂತು, "ಅವಳದ್ದೂ ಬರೀರಿ" ಎನ್ನುತ್ತಿದ್ದಳು. ಅವರು ಅಪ್ಪನ ಹೆಸರು ಬರೆದು, ಅವ್ವನ ಹೆಸರು ಬರೆದು, ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಹತ್ತೊಂಬತ್ತು ವರ್ಷ ಆಕೆ ಕೇಳಿದಳು. ಇಪ್ಪತ್ತನೇ ವರ್ಷದಿಂದ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದಳು ಅಷ್ಟೇ, ಕೇಳುತ್ತಿರಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ಎರಡು ಸಾವಿರದ ಒಂದರಲ್ಲಿ ಹೊಸ ಸ್ವಾಮಿಗಳೊಬ್ಬರು ಬೇರೆ ಬೇರೆ ಚರ್ಚುಗಳ ಉಪದೇಶಿಗಳನ್ನೆಲ್ಲ ಸೇರಿಸಿ ಒಂದು ಶನಿವಾರ ಪಾಠ ಇಟ್ಟುಕೊಂಡರು. ಮೊದಲ ಸಾಲಿನಲ್ಲಿ ಇನ್ನಾಸಪ್ಪನವರು. ಜ್ಞಾನಸ್ನಾನದ ಮಾತು ಬಂದಾಗ ಜಲಜಾ ಎಂಬ ನರ್ಸಮ್ಮ ಎದ್ದು ಕೇಳಿದಳು: "ಫಾದರ್, ವಾರ್ಡಿನಲ್ಲಿ ನಾನಿಲ್ಲದಾಗ ಕ್ರಿಶ್ಚಿಯನ್ ಮಗು ಒಂದು ಹೋಗೋ ಸ್ಥಿತೀಲಿದ್ರೆ, ನನ್ನ ಜೊತೆಯ ಹಿಂದೂ ನರ್ಸ್ ನೀರು ಹಾಕಿದ್ರೆ ನಡೆಯುತ್ತಾ?"

"ಧಾರಾಳವಾಗಿ," ಅಂದರು ಸ್ವಾಮಿಗಳು. "ನೀರು ಹುಯ್ದು, ಆ ಮಾತು ಹೇಳಿ, ಸಭೆ ಏನು ಮಾಡುತ್ತೋ ಅದನ್ನೇ ಮಾಡ್ತೀನಿ ಅನ್ನೋ ಮನಸ್ಸಿದ್ದರೆ ಸಾಕು. ಯಾರ ಕೈ ಅನ್ನೋ ಪ್ರಶ್ನೆ ಇಲ್ಲ. ಸ್ನಾನ ಕೊಡೋದು ಕ್ರಿಸ್ತ, ಕೈ ಬರೀ ನೆಪ."

ಮಿಕ್ಕ ಪಾಠ ಇನ್ನಾಸಪ್ಪನವರ ಕಿವಿಗೆ ಬೀಳಲಿಲ್ಲ. ಊಟದ ಹೊತ್ತಿಗೆ ಸ್ವಾಮಿಗಳನ್ನು ಪಕ್ಕಕ್ಕೆ ಕರೆದು ಕೇಳಿದರು. "ಇದು ಇತ್ತೀಚೆಗೆ ಬಂದ ಕಾನೂನಾ ಸ್ವಾಮಿ?" ಹೌದೆನ್ನಲಿ, ನಿನ್ನೆ ಮೊನ್ನೆ ಬಂತೆನ್ನಲಿ ಎಂದು ಅವರ ಪ್ರಾಣ ಬೇಡುತ್ತಿತ್ತು.

"ಇತ್ತೀಚೆಗೆ ಎಲ್ಲಿ ಬಂತು, ಸಾವಿರ ವರ್ಷದ ಮೇಲಾಯ್ತು."

"ಪವಿತ್ರ ಗ್ರಂಥದಲ್ಲಿ ಎಲ್ಲಿದೆ?"

"ಇಷ್ಟು ಬಿಡಿಸಿ ಗ್ರಂಥದಲ್ಲಿ ಬರೆದಿಲ್ಲ. ಪರಂಪರೆಯಿಂದ ಬಂದದ್ದು. ನಿಮಗೆ ಗೊತ್ತಿಲ್ಲದ್ದೇನಿದೆ, ಇದರ ಮೇಲೆ ನೀವೇ ಒಳ್ಳೆ ಭಾಷಣ ಮಾಡ್ತೀರಂತೆ."

ಬಸ್ಸಿನಲ್ಲಿ ಮನೆಗೆ ಬರುವಾಗ ಅವರು ಇಳಿಯಬೇಕಾದ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದರು. ನಡೆದುಕೊಂಡು ವಾಪಸು ಬಂದರು. ಅಷ್ಟು ದೂರವೂ ಒಂದೇ ಲೆಕ್ಕ ತಲೆಯಲ್ಲಿ ಕೂತಿತ್ತು: ಕೂಸಿಗೆ ಸ್ನಾನವಾಗಿತ್ತು. ಗೋಡೆಯ ಮೂಲೆಗೆ ತಳ್ಳಿದ್ದು ದೇವರಲ್ಲ, ಸಭೆಯಲ್ಲ, ನಾನು.

ಅಂದೇ ಹೇಳಿಬಿಡಬೇಕಿತ್ತು. ಅಯ್ಯೋ, ಚಪ್ಪಲಿ ಬಿಡುವ ಮೊದಲೇ ಹೇಳಿಬಿಡಬೇಕಿತ್ತು. ಬಾಗಿಲು ತೆರೆದ ಆರೋಗ್ಯಮ್ಮ "ಪಾಠ ಹೆಂಗಿತ್ತು?" ಎಂದು ಕೇಳಿದಳು. "ಇತ್ತು, ಗೊತ್ತಿರೋದೇ" ಅಂದುಬಿಟ್ಟರು. ಇಂದಲ್ಲ ನಾಳೆ, ನಾಳೆಯಲ್ಲ ಭಾನುವಾರ, ಈ ಹಬ್ಬ ಕಳೆಯಲಿ, ಬೇಸಗೆ ಕಳೆಯಲಿ. ಗಂಡಸಿನ ಜಂಬಕ್ಕೆ ನೆಪಗಳ ಬರವೇ? ಎಲ್ಲರ ಮನೆಯ ಅನುಮಾನ ತೀರಿಸುವವರು ತಮ್ಮ ಮನೆಯಲ್ಲಿ ತಪ್ಪಾಯಿತು ಎನ್ನಲಾರದೆ ಮೂರು ವರ್ಷ ನುಂಗಿಕೊಂಡು ಕೂತರು. ಆ ಮೂರು ವರ್ಷವೂ ಚೀಟಿ ಬರೆಯುವಾಗ ಆರೋಗ್ಯಮ್ಮ ಪಕ್ಕದಲ್ಲಿ ನಿಂತಿರುತ್ತಿದ್ದಳು.

ಮೂರನೆಯ ವರ್ಷಕ್ಕೆ ಆಕೆಯ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಆಸ್ಪತ್ರೆ, ರಕ್ತ ತೊಳೆಯುವ ಮಿಷನ್ನು. ಕಾಲು ಊದಿತು, ಮುಖದ ಬಣ್ಣ ಮಣ್ಣಾಯಿತು. ಎರಡು ಸಾವಿರದ ನಾಲ್ಕರ ಅಕ್ಟೋಬರಿನ ಒಂದು ಮಧ್ಯಾಹ್ನ, ಆಸ್ಪತ್ರೆಯಿಂದ ಬಂದು ಮಲಗಿದ್ದಾಗ, ಇನ್ನಾಸಪ್ಪನವರು ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಕುರ್ಚಿ ಇತ್ತು, ಕೂರಲಾಗಲಿಲ್ಲ. ಎಲ್ಲವನ್ನೂ ಹೇಳಿದರು. ನರ್ಸಮ್ಮನ ಪ್ರಶ್ನೆ, ಸ್ವಾಮಿಗಳ ಉತ್ತರ, ತಾವು ಮೂರು ವರ್ಷ ಮುಚ್ಚಿಟ್ಟದ್ದು.

"ನಿಮ್ಮಜ್ಜಿ ಹೇಳಿದ್ದೇ ಸರಿ," ಅಂದರು. "ಜಯಲಕ್ಷ್ಮೀ ಹಾಕಿದ ನೀರು ಸಲ್ಲುತ್ತೆ. ಮಗು ದೇವರ ಹತ್ರ ಇದೆ."

ಆಕೆ ಅಳುತ್ತಾಳೆ, ಇಲ್ಲ ಬಯ್ಯುತ್ತಾಳೆ ಎಂದುಕೊಂಡಿದ್ದರು. ಆಕೆ ಸೂರು ನೋಡುತ್ತಾ ಮಲಗಿದ್ದಳು.

"ಅದು ನಂಗೆ ಗೊತ್ತಿತ್ತಲ್ಲ," ಅಂದಳು.

"ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ಆವತ್ತೇ ಗೊತ್ತಿತ್ತು. ನಮ್ಮಜ್ಜಿ ಸುಳ್ಳು ಹೇಳೋಳಲ್ಲ. ಮಗು ಮೋಕ್ಷಕ್ಕೆ ಹೋಯ್ತಾ ಇಲ್ವಾ ಅಂತ ನಾನು ಒಂದಿನಾನೂ ಯೋಚ್ನೆ ಮಾಡ್ಲಿಲ್ಲ."

"ಮತ್ತೆ ಇಷ್ಟು ವರ್ಷ ಯಾಕೆ ಅಳ್ತಿದ್ದೆ?"

"ನೀವೊಂದ್ಸಲಾನೂ ಅವಳನ್ನ ಹೆಸರು ಹಿಡಿದು ಕರೀಲಿಲ್ಲ ಅಂತ."

ಅವರು ಎದ್ದು, ಚೀಟಿ ಪೆನ್ನು ತಂದರು. ಮಗುವಿನಂತೆ ಅಳು ಬರುತ್ತಿತ್ತು. "ಈ ವರ್ಷ ಬರೀತೀನಿ. ಎಲ್ಲರಿಗಿಂತ ಮೇಲೆ ಬರೀತೀನಿ. ಹೇಳು, ಏನು ಹೆಸರು?"

ಆರೋಗ್ಯಮ್ಮ ನಿಧಾನವಾಗಿ ಮುಖ ಈ ಕಡೆ ತಿರುಗಿಸಿದಳು. ಗಂಡನನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು.

"ನಿಮಗೆ ಗೊತ್ತಿಲ್ವಾ?"

ಇನ್ನಾಸಪ್ಪನವರು ತಲೆ ತಗ್ಗಿಸಿದರು.

"ಗೊತ್ತಿದ್ದೂ ಬರೀತಿಲ್ಲ ಅಂದ್ಕಂಡಿದ್ದೆ," ಅಂದಳು. ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ಅದು ಕೇಳಲಾರದ ದನಿಯಾಗಿತ್ತು. "ಹಟಕ್ಕೆ ಬರೀತಿಲ್ಲ, ಒಳಗೆ ಎಲ್ಲೋ ಇಟ್ಕಂಡಿದಾರೆ ಅಂದ್ಕಂಡಿದ್ದೆ. ಮೂವತ್ತೆರಡು ವರ್ಷ, ನಮ್ಮಿಬ್ರಿಗೂ ಗೊತ್ತಿರೋ ಹೆಸರು ಅಂತಾನೇ ಇದ್ದೆ. ನೀವು ಕೇಳಿಸ್ಕಂಡೇ ಇಲ್ಲ."

"ತಪ್ಪಾಯ್ತು. ಈಗ ಹೇಳು."

"ಬೇಡ ಬಿಡಿ. ಅವಳಿಗೆ ನಿಮ್ಮ ದನಿ ಗೊತ್ತಿಲ್ಲ."

ಗೋಡೆಯ ಕಡೆ ತಿರುಗಿದಳು. ಹಾಗೆಂದು ಆಕೆ ಮಾತು ಬಿಟ್ಟವಳಲ್ಲ. ಮರುದಿನ ಅವರ ಕೈಯಿಂದಲೇ ಗಂಜಿ ಕುಡಿದಳು, ಅವರ ಅಂಗಿಯ ಗುಂಡಿ ಹೋದದ್ದನ್ನು ತೋರಿಸಿ ನಕ್ಕಳು. ಹೆಸರೊಂದನ್ನು ಬಿಟ್ಟು ಬೇರೇನು ಕೇಳಿದರೂ ಹೇಳಿದಳು. ಇನ್ನಾಸಪ್ಪನವರು ದಿನಾ ಕೇಳಿದರು. ಒಂದು ದಿನ ತಮಗೆ ಬಾಯಿಪಾಠವಿದ್ದ ಸಂತ ಸ್ತ್ರೀಯರ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾ ಆಕೆಯ ಮುಖವನ್ನೇ ನೋಡುತ್ತಾ ಕೂತರು: ಅನ್ನಮ್ಮ, ಆಗ್ನೆಸಮ್ಮ, ಲೂಸಿಯಮ್ಮ, ಸಿಸಿಲಿಯಮ್ಮ, ತೆರೇಸಮ್ಮ. ಆಕೆ ಕಣ್ಣು ಮುಚ್ಚಿಕೊಂಡು ಕೇಳಿದಳು. ಯಾವ ಹೆಸರಿಗೂ ರೆಪ್ಪೆ ಅಲುಗಲಿಲ್ಲ, ಅಥವಾ ಅಲುಗಿದ್ದು ಅವರಿಗೆ ಕಾಣಲಿಲ್ಲ. ಎರಡು ವಾರ ಹೀಗೆ ಕಳೆದು, ಅಕ್ಟೋಬರ್ ಇಪ್ಪತ್ತಾರರ ಬೆಳಿಗ್ಗೆ, ಮಿಷನ್ನಿಗೆ ಹಾಕಿದ್ದಾಗಲೇ ಆರೋಗ್ಯಮ್ಮ ಹೋಗಿಬಿಟ್ಟಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಣ್ಣು ಮಾಡಿದ ಮೂರನೆಯ ದಿನ ಅವರು ಜಯಲಕ್ಷ್ಮಿಯ ನಂಬರು ಹುಡುಕಿದರು. ಗಂಡ ರಿಟೈರಾದ ಮೇಲೆ ಅವರು ಮೈಸೂರಿಗೆ ಹೋಗಿ ನೆಲೆಸಿದ್ದರು. ಫೋನೆತ್ತಿದ ಜಯಲಕ್ಷ್ಮೀ ಆರೋಗ್ಯಮ್ಮನ ಸುದ್ದಿ ಕೇಳಿ ಬಹಳ ಹೊತ್ತು ಅತ್ತಳು. ಆಮೇಲೆ ಇನ್ನಾಸಪ್ಪನವರು ಕೇಳಿದರು.

"ಆ ದಿನ ಮರೆಯೋಕಾಗುತ್ತಾ?" ಅಂದಳು. "ಎಂಥಾ ಬಿಸಿಲು. ನೀರು ಕೂಡ ಬೆಚ್ಚಗಿತ್ತು, ಸದ್ಯ ಕೂಸಿಗೆ ಚಳಿಯಾಗಲಿಲ್ಲ ಅಂದ್ಕೊಂಡೆ. ಬಲಗಿವಿ ಮೇಲೆ ಒಂದು ಮಚ್ಚೆ ಇತ್ತು. ನಿಮಗೆ ಗೊತ್ತಲ್ಲ?"

ಅವರಿಗೆ ಗೊತ್ತಿರಲಿಲ್ಲ. ಮಗುವಿನ ಮುಖವನ್ನೇ ಅವರು ಸರಿಯಾಗಿ ನೋಡಿರಲಿಲ್ಲ.

"ಹೆಸರು, ಜಯಲಕ್ಷ್ಮಮ್ಮ. ಆರೋಗ್ಯ ಏನು ಹೆಸರು ಕೊಟ್ಲು?"

"ನಿಮ್ಮ ಕಡೆ ಹೆಸರು. ನನ್ನ ನಾಲಿಗೇಗೆ ತಿರುಗ್ಲೇ ಇಲ್ಲ, ಮೂರು ಸಲ ಹೇಳಿಕೊಟ್ಲು ಪಾಪ. ಆವತ್ತು ಸರಿಯಾಗೇ ಹೇಳ್ದೆ, ಅದು ಮಾತ್ರ ಸತ್ಯ. ಈಗ ಬರ್ತಿಲ್ಲ ಅಣ್ಣ. ನಿಮ್ಮನ್ನ ಬಿಟ್ಟು ಇನ್ಯಾರಿಗೆ ಗೊತ್ತಿರುತ್ತೆ? ಆರೋಗ್ಯನ್ನ ನೀವು ಕೇಳ್ಲೇ ಇಲ್ವಾ?"

ಹಬ್ಬದ ದಿನ ಚೀಟಿಗಳನ್ನೆಲ್ಲ ಓದುವ ಕೆಲಸ ಪ್ರತಿ ವರ್ಷವೂ ಉಪದೇಶಿಯದ್ದೇ. ಈ ವರ್ಷ ಬೇರೆಯವರು ಓದಲಿ ಎಂದು ಸ್ವಾಮಿಗಳು ಹೇಳಿದರು. ಇನ್ನಾಸಪ್ಪನವರು ಒಪ್ಪಲಿಲ್ಲ. ಇಸ್ತ್ರಿ ಮಾಡದ ಬಿಳಿ ಅಂಗಿ ತೊಟ್ಟು ಪೀಠದ ಪಕ್ಕ ನಿಂತು, ನಲವತ್ತು ಮನೆಗಳ ಸತ್ತವರ ಹೆಸರನ್ನು ಒಂದೂ ತಪ್ಪದೆ ಓದಿದರು. ಕೊನೆಗೆ ತಮ್ಮ ಚೀಟಿ. ಅಪ್ಪನ ಹೆಸರು ಓದಿದರು, ಅವ್ವನ ಹೆಸರು ಓದಿದರು. ಆರೋಗ್ಯಮ್ಮ ಎಂದು ಓದುವಾಗಲೂ ದನಿ ನಡುಗಲಿಲ್ಲ, ಗಟ್ಟಿ ಮನುಷ್ಯ ಎಂದು ಜನ ಮೆಚ್ಚಿಕೊಂಡರು.

ಎಲ್ಲ ಚೀಟಿಗಳೂ ಮುಗಿದ ಮೇಲೆ ಓದುವ ಸಾಲೊಂದಿದೆ. ಹೆಸರು ಗೊತ್ತಿಲ್ಲದವರಿಗಾಗಿ, ನೆನೆಯುವವರು ಯಾರೂ ಇಲ್ಲದ ಮೃತರಿಗಾಗಿ ಪ್ರಾರ್ಥಿಸೋಣ. ರೈಲಿಗೆ ಸಿಕ್ಕವರು, ಬೀದಿಯಲ್ಲಿ ಸತ್ತವರು, ಎಲ್ಲಿಯವರೋ ಏನೋ, ಅಂಥವರಿಗೆಂದು ಅವರು ಇಷ್ಟು ವರ್ಷ ಅದನ್ನು ಓದಿದ್ದರು. "ಹೆಸರು ಗೊತ್ತಿಲ್ಲದ" ಎನ್ನುವಲ್ಲಿಗೆ ಬಂದು ನಿಂತರು. ಮತ್ತೆ ಮೊದಲಿನಿಂದ ಶುರುಮಾಡಿ, ಅಲ್ಲಿಗೇ ಬಂದು ನಿಂತರು. ಮೂರನೆಯ ಸಲ ಬಾಯಿ ತೆರೆದಾಗ ಅಳು ಬಂತು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಹೆಂಡತಿಗಾಗಿ ಅಳುತ್ತಿದ್ದಾರೆ ಎಂದುಕೊಂಡು ಜನ ಸುಮ್ಮನೆ ಕಾದರು.